ಬಸ್ಸಿನ ರಿಯಾಯಿತಿ, ಬಸ್ಸಿನ ಮೆಟ್ಟಿಲು: ಹಿರಿಯರಿಗೂ ವಿಕಲಚೇತನರಿಗೂ ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಪಕ್ಕದ ಮನೆಯ ಮೇಷ್ಟ್ರಿಗೆ ಈಗ 71 ವರ್ಷ. ತಿಂಗಳಿಗೊಮ್ಮೆ ತುಮಕೂರಿನಿಂದ ಹಾಸನಕ್ಕೆ, ಮಗಳ ಮನೆಗೆ ಹೋಗಿ ಬರುತ್ತಾರೆ. ಒಂದು ಸಲ ನಾನೂ ಅದೇ ಬಸ್ಸಿನಲ್ಲಿದ್ದೆ. ಕಂಡಕ್ಟರ್ ಬಂದರು. ಮೇಷ್ಟ್ರು "ಒಂದು ಹಾಸನ" ಅಂದರು. ಪೂರ್ತಿ ದರದ ಟಿಕೆಟ್ ಕೈಗೆ ಬಂತು. "ಹಿರಿಯ ನಾಗರಿಕರ ಟಿಕೆಟ್ ತಗೊಳ್ಳೋದಲ್ವಾ ಮೇಷ್ಟ್ರೇ?" ಅಂತ ನಾನು ಕೇಳಿದೆ. ಅದು ರೈಲಿನಲ್ಲಿ ನಿಂತುಹೋಯ್ತಲ್ಲ, ಬಸ್ಸಿನಲ್ಲೂ ನಿಂತಿದೆ ಅಂದುಕೊಂಡಿದ್ದೆ ಅಂದರು. ಕಂಡಕ್ಟರ್ ಪಾಪ, "ಮೊದಲೇ ಹೇಳೋದಲ್ವಾ ಯಜಮಾನ್ರೇ, ಮಷೀನಿನಲ್ಲಿ ಹೊಡೆದಾಯ್ತಲ್ಲ" ಅಂತ ಬೇಜಾರು ಮಾಡಿಕೊಂಡರು.

ಮೇಷ್ಟ್ರು ಹೇಳಿದ್ದರಲ್ಲಿ ಅರ್ಧ ನಿಜ. ರೈಲಿನಲ್ಲಿ ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚ್‌ನಿಂದ ನಿಂತಿದೆ. ಆದರೆ ಕರ್ನಾಟಕದ ಸರ್ಕಾರಿ ಬಸ್ಸುಗಳಲ್ಲಿ ನಿಂತಿಲ್ಲ. ವರ್ಷಗಟ್ಟಲೆ ಅವರು ಸುಮ್ನೆ ಪೂರ್ತಿ ದುಡ್ಡು ಕೊಟ್ಟಿದ್ದರು.

ಅವತ್ತೇ ಇದನ್ನೆಲ್ಲ ಒಂದು ಕಡೆ ಬರೆದಿಡಬೇಕು ಅನ್ನಿಸಿತು. ಹೇಳಬೇಕಾದ ಮುಖ್ಯ ಮಾತು ಎರಡೇ. ರಿಯಾಯಿತಿ ತಾನಾಗಿ ಬರುವುದಿಲ್ಲ. ಕಾಗದ ಪತ್ರ ಮನೆಯಲ್ಲೇ ಸರಿ ಮಾಡಿಕೊಂಡು, ಟಿಕೆಟ್ ಹೊಡೆಯುವ ಮುಂಚೆ ಬಾಯಿ ಬಿಟ್ಟು ಕೇಳಬೇಕು. ಎರಡನೆಯದು, ಟಿಕೆಟ್ ಅಗ್ಗವಾದರೆ ಸಾಲದು. ಮೆಟ್ಟಿಲು ಹತ್ತಲಾಗದವರಿಗೆ ಉಚಿತ ಬಸ್ಸೂ ದೂರವೇ. ಹಾಗಾಗಿ ದುಡ್ಡಿನ ವಿಷಯ ಎಷ್ಟು ಬರೆದಿದ್ದೇನೋ ಹತ್ತಿ ಇಳಿಯುವ ವಿಷಯವನ್ನೂ ಅಷ್ಟೇ ಬರೆದಿದ್ದೇನೆ.

ಮೊದಲು, ನಿಮಗೆ ಯಾವುದು ಸಿಗುತ್ತದೆ ನೋಡಿಕೊಳ್ಳಿ

ನಮ್ಮ ರಾಜ್ಯದಲ್ಲಿ ಸರ್ಕಾರಿ ಬಸ್ ನಡೆಸುವ ನಿಗಮಗಳು ನಾಲ್ಕು. ಕೆಎಸ್‌ಆರ್‌ಟಿಸಿ, ಬೆಂಗಳೂರಿನ ಬಿಎಂಟಿಸಿ, ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ, ಕಲಬುರಗಿಯಲ್ಲಿ ಕೇಂದ್ರ ಕಚೇರಿ ಇರುವ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ. ಮುಂದೆ ಹೇಳುವುದೆಲ್ಲ ಈ ಸರ್ಕಾರಿ ಬಸ್ಸುಗಳ ಮಾತು. ಮಂಗಳೂರು, ಉಡುಪಿ ಕಡೆ ಖಾಸಗಿ ಬಸ್ ಜಾಸ್ತಿ. ಆ ಖಾಸಗಿ ಬಸ್ಸುಗಳಲ್ಲಿ ಸರ್ಕಾರದ ಈ ಯೋಜನೆಗಳು ನಡೆಯುವುದಿಲ್ಲ. ಬೋರ್ಡ್ ನೋಡಿ ಹತ್ತಿ.

ಹೆಂಗಸರ ವಿಷಯ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಅದೇ ಸುಲಭ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಕರ್ನಾಟಕದ ನಿವಾಸಿಯಾದ ಯಾವುದೇ ವಯಸ್ಸಿನ ಹೆಣ್ಣುಮಕ್ಕಳು, ಜೊತೆಗೆ ಲಿಂಗತ್ವ ಅಲ್ಪಸಂಖ್ಯಾತರು, ರಾಜ್ಯದ ಒಳಗೆ ನಗರ ಸಾರಿಗೆ, ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಉಚಿತವಾಗಿ ಹೋಗಬಹುದು. ರಾಜಹಂಸ, ಸ್ಲೀಪರ್, ಐರಾವತ, ಅಂಬಾರಿ, ಬೆಂಗಳೂರಿನ ವಜ್ರ, ವಾಯುವಜ್ರ ಇವು ಅದರಲ್ಲಿ ಸೇರಿಲ್ಲ.

ಇಲ್ಲಿ ಒಂದು ಮಾತು ಬಹಳ ಜನಕ್ಕೆ ಹೊಳೆಯುವುದಿಲ್ಲ. 60 ದಾಟಿದ ಅಮ್ಮನಿಗೆ ಕೆಂಪು ಬಸ್ಸಿನಲ್ಲಿ ಹಿರಿಯರ ರಿಯಾಯಿತಿಯೇ ಬೇಕಿಲ್ಲ, ಹೇಗೂ ಉಚಿತ. ಹಾಗೆಯೇ ಅಂಗವೈಕಲ್ಯ ಇರುವ ಹೆಣ್ಣುಮಗಳಿಗೂ ಅದೇ ಬಸ್ಸುಗಳಿಗಾಗಿ ದುಡ್ಡು ಕಟ್ಟಿ ಪಾಸ್ ಮಾಡಿಸುವ ಅಗತ್ಯವಿಲ್ಲ. ಪಾಸಿಗೆ ದೂರದ ಮಿತಿ ಇದೆ, ಶಕ್ತಿಗೆ ಇಲ್ಲ. ನಮ್ಮೂರಿನ ಒಬ್ಬ ಹುಡುಗಿ ಇದು ಗೊತ್ತಿಲ್ಲದೆ ಪಾಸಿಗಾಗಿ ಎರಡು ಸಲ ತಾಲ್ಲೂಕು ಕೇಂದ್ರಕ್ಕೆ ಓಡಾಡಿದ್ದಳು.

ಗಂಡಸರಿಗೆ ದಾರಿ ಎರಡು. 60 ವರ್ಷ ತುಂಬಿದ್ದರೆ ಟಿಕೆಟ್ ದರದಲ್ಲಿ ಶೇ 25 ರಿಯಾಯಿತಿ. ಶೇ 40 ಅಥವಾ ಅದಕ್ಕಿಂತ ಜಾಸ್ತಿ ಅಂಗವೈಕಲ್ಯ ಇದ್ದರೆ, ವಯಸ್ಸು ಎಷ್ಟೇ ಇರಲಿ, ವರ್ಷದ ರಿಯಾಯಿತಿ ಪಾಸ್. ಸಂಪೂರ್ಣ ಅಂಧರಿಗೆ ಪಾಸ್ ಉಚಿತ.

ಹಿರಿಯರ ಟಿಕೆಟ್: ವಯಸ್ಸಿನ ಪುರಾವೆ ಒಂದಿದ್ದರೆ ಸಾಕು

ಮೊದಲ ಹೆಜ್ಜೆ, ಗುರುತಿನ ಚೀಟಿ ತೆಗೆದು ಹುಟ್ಟಿದ ದಿನ ನೋಡಿ. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ಹಳ್ಳಿಯ ಕಡೆ ಎಷ್ಟೋ ಜನರ ಆಧಾರ್‌ನಲ್ಲಿ ಬರೀ ವರ್ಷ ಮಾತ್ರ ಇರುತ್ತದೆ. ಕೆಲವರದ್ದು ಜನವರಿ 1 ಅಂತ ಅಂದಾಜಿಗೆ ಹಾಕಿದ್ದು. ಕೆಲವರಿಗೆ ಐದಾರು ವರ್ಷ ಕಡಿಮೆ ಬಿದ್ದಿರುತ್ತದೆ. ಕಂಡಕ್ಟರ್ ನಿಮ್ಮ ತಲೆಯ ಬಿಳಿ ಕೂದಲು ನೋಡಿ ರಿಯಾಯಿತಿ ಕೊಡಲು ಆಗುವುದಿಲ್ಲ. ಚೀಟಿಯಲ್ಲಿ 60 ತುಂಬಿರಬೇಕು. ತಪ್ಪಿದ್ದರೆ ಆಧಾರ್ ಕೇಂದ್ರದಲ್ಲಿ ದಾಖಲೆ ಕೊಟ್ಟು ಸರಿ ಮಾಡಿಸಿ. ಪಿಂಚಣಿಗೂ ಇದೇ ಬೇಕಾಗುತ್ತದೆ.

ಎರಡನೇ ಹೆಜ್ಜೆ, ಸಾಧ್ಯವಾದರೆ ಹಿರಿಯ ನಾಗರಿಕರ ಗುರುತಿನ ಚೀಟಿ ಮಾಡಿಸಿಕೊಳ್ಳಿ. ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ಇದನ್ನು ಕೊಡುತ್ತದೆ. ಅರ್ಜಿ ಸೇವಾ ಸಿಂಧು ಪೋರ್ಟಲ್‌ನಲ್ಲಿ ಹಾಕಬೇಕು. ಮನೆಯಲ್ಲಿ ಕಂಪ್ಯೂಟರ್ ಇಲ್ಲದಿದ್ದರೆ ಹಳ್ಳಿಯಲ್ಲಿ ಗ್ರಾಮ ಒನ್, ಪಟ್ಟಣದಲ್ಲಿ ಕರ್ನಾಟಕ ಒನ್, ಬೆಂಗಳೂರಿನಲ್ಲಿ ಬೆಂಗಳೂರು ಒನ್ ಕೇಂದ್ರಕ್ಕೆ ಹೋಗಿ. ಆ ಚೀಟಿ ತೋರಿಸಿದರೆ ಬಸ್ಸಿನಲ್ಲಿ ವಾದವೇ ಹುಟ್ಟುವುದಿಲ್ಲ. ಚೀಟಿಯ ಮೇಲೆ "ಹಿರಿಯ ನಾಗರಿಕ" ಅಂತಲೇ ಇರುತ್ತದೆ.

ಮೂರನೇ ಹೆಜ್ಜೆ ಬಸ್ಸಿನ ಒಳಗೆ. ಇದು ಚಿಕ್ಕದು, ಆದರೆ ಎಲ್ಲ ತಪ್ಪುವುದು ಇಲ್ಲೇ. ಊರಿನ ಹೆಸರು ಹೇಳುವ ಮುಂಚೆ "ಹಿರಿಯ ನಾಗರಿಕರ ಟಿಕೆಟ್" ಅನ್ನಿ. ಚೀಟಿ ಕೈಯಲ್ಲೇ ಹಿಡಿದಿರಿ. ಆಮೇಲೆ ಊರು ಹೇಳಿ. ಮಷೀನಿನಲ್ಲಿ ಒಮ್ಮೆ ಪೂರ್ತಿ ಟಿಕೆಟ್ ಹೊಡೆದ ಮೇಲೆ ಅದನ್ನು ಬದಲಾಯಿಸುವುದು ಕಂಡಕ್ಟರ್‌ಗೆ ತಲೆನೋವು. ಟಿಕೆಟ್ ಬಂದ ಕೂಡಲೇ ಓದಿ ನೋಡಿ. ಅಕ್ಷರ ಸಣ್ಣದಾಗಿರುತ್ತದೆ, ಪಕ್ಕದವರನ್ನು ಕೇಳಿದರೆ ಓದುತ್ತಾರೆ.

ಕೆಲವರು ಲೆಕ್ಕ ಹಾಕಿ "ಮುಕ್ಕಾಲು ಭಾಗಕ್ಕೆ ಸರಿ ಹೋಗ್ತಿಲ್ಲವಲ್ಲ" ಅಂತ ಜಗಳಕ್ಕೆ ನಿಲ್ಲುತ್ತಾರೆ. ರಿಯಾಯಿತಿ ಮೂಲ ದರದ ಮೇಲೆ ಸಿಗುತ್ತದೆ. ಅದರ ಜೊತೆ ಸೇರುವ ಬೇರೆ ಶುಲ್ಕಕ್ಕೆ ಸಿಗುವುದಿಲ್ಲ. ಒಂದೆರಡು ರೂಪಾಯಿ ಹೆಚ್ಚು ಕಡಿಮೆ ಬಂದರೆ ಗಾಬರಿ ಬೇಡ.

ದೂರದ ಊರಿಗೆ ಮುಂಗಡ ಬುಕ್ ಮಾಡುವಾಗ ಪ್ರಯಾಣಿಕರ ವಿಧ ಕೇಳುವ ಕಡೆ ಹಿರಿಯ ನಾಗರಿಕ ಅಂತ ಆರಿಸಬೇಕು. ಮಕ್ಕಳು ಅವಸರದಲ್ಲಿ ಮೊಬೈಲಿನಲ್ಲಿ ಬುಕ್ ಮಾಡುವಾಗ ಇದನ್ನೇ ಮರೆಯುತ್ತಾರೆ. ಆರಿಸಿದ ಮೇಲೆ ದರ ಇಳಿದಿದೆಯಾ ನೋಡಿ, ಆಮೇಲೆ ದುಡ್ಡು ಕಟ್ಟಿ. ಆ ದರ್ಜೆಯ ಬಸ್ಸಿಗೆ ರಿಯಾಯಿತಿ ಇದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಪ್ರಯಾಣದ ದಿನ ವಯಸ್ಸಿನ ಪುರಾವೆ ಜೊತೆಯಲ್ಲಿರಲೇಬೇಕು.

ಬೆಂಗಳೂರಿನವರಿಗೆ ಒಂದು ಲೆಕ್ಕ

2025ರ ಜನವರಿಯಲ್ಲಿ ಬಸ್ ದರ ಶೇ 15ರಷ್ಟು ಏರಿತಲ್ಲ, ಆಗ ಬಿಎಂಟಿಸಿ ಪಾಸುಗಳ ದರವೂ ಏರಿತು. ಸಾಮಾನ್ಯ ಬಸ್ಸಿನ ತಿಂಗಳ ಪಾಸ್ 1,200 ರೂಪಾಯಿ ಆಯಿತು. ಹಿರಿಯ ನಾಗರಿಕರಿಗೆ ಅದೇ ಪಾಸ್ 1,080 ರೂಪಾಯಿ.

ಈಗ ನೋಡಿ. ಪಾಸಿನಲ್ಲಿ ಉಳಿಯುವುದು ಶೇ 10. ಟಿಕೆಟ್ಟಿನಲ್ಲಿ ಉಳಿಯುವುದು ಶೇ 25. ಪಾಸ್ ತಗೊಂಡರೆ ಜಾಸ್ತಿ ಉಳಿಯುತ್ತದೆ ಅನ್ನುವುದು ಎಲ್ಲರಿಗೂ ನಿಜವಲ್ಲ. 1,080ನ್ನು 30 ದಿನಕ್ಕೆ ಹಂಚಿದರೆ ದಿನಕ್ಕೆ 36 ರೂಪಾಯಿ. ನೀವು ದಿನವೂ ಓಡಾಡುವವರಾಗಿ, ರಿಯಾಯಿತಿ ಟಿಕೆಟ್ಟಿಗೇ ದಿನಕ್ಕೆ 36ಕ್ಕಿಂತ ಜಾಸ್ತಿ ಹೋಗುತ್ತಿದ್ದರೆ ಪಾಸ್ ಲಾಭ. ವಾರಕ್ಕೆ ಮೂರು ದಿನ ಗುಡಿಗೋ ಆಸ್ಪತ್ರೆಗೋ ಹೋಗಿ ಬರುವವರಿಗೆ ಬಿಡಿ ಟಿಕೆಟ್ಟೇ ಸರಿ. ಒಂದು ವಾರ ಟಿಕೆಟ್ಟುಗಳನ್ನು ಜೇಬಿನಲ್ಲೇ ಇಟ್ಟುಕೊಂಡು ಕೂಡಿ ನೋಡಿ, ಆಮೇಲೆ ನಿರ್ಧಾರ ಮಾಡಿ. ಒಂದೇ ದಿನ ನಾಲ್ಕೈದು ಕಡೆ ಹೋಗಬೇಕಾಗಿದ್ದರೆ 80 ರೂಪಾಯಿಯ ದಿನದ ಪಾಸನ್ನೂ ಲೆಕ್ಕಕ್ಕೆ ತಗೊಳ್ಳಿ.

ವಿಕಲಚೇತನರ ಪಾಸ್: ಯುಡಿಐಡಿ ಕಾರ್ಡಿನಿಂದ ಶುರು

ಇದು ಸ್ವಲ್ಪ ಉದ್ದದ ದಾರಿ. ನಮ್ಮ ಚಿಕ್ಕಪ್ಪನ ಜೊತೆ ನಾನೇ ಓಡಾಡಿದ್ದೇನೆ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಚಿಕ್ಕಪ್ಪನಿಗೆ ಚಿಕ್ಕಂದಿನಲ್ಲಿ ಪೋಲಿಯೊ ಬಂದು ಬಲಗಾಲು ಸೊರಗಿದೆ. ಕಾಲಿಗೆ ಆಸರೆಯಾಗುವ ಕ್ಯಾಲಿಪರ್ ಹಾಕಿ, ಊರುಗೋಲು ಹಿಡಿದು ನಡೆಯುತ್ತಾರೆ.

ಈಗ ಎಲ್ಲಕ್ಕೂ ಬುಡ ಯುಡಿಐಡಿ ಕಾರ್ಡ್. ವಿಕಲಚೇತನರಿಗೆ ದೇಶಕ್ಕೆಲ್ಲ ಒಂದೇ ಗುರುತಿನ ಚೀಟಿ ಅದು. ಹಳೆಯ ಕಾಗದದ ಪ್ರಮಾಣಪತ್ರ ಮಾತ್ರ ಇದ್ದರೆ ಮೊದಲು ಇದನ್ನು ಮಾಡಿಸಿಕೊಳ್ಳಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಕೈಕಾಲಿನ ತೊಂದರೆ ಒಂದೇ ಅಲ್ಲ. ಕಿವಿ ಕೇಳದಿರುವುದು, ಬುದ್ಧಿಮಾಂದ್ಯ, ಮಾನಸಿಕ ಕಾಯಿಲೆ, ಪಾರ್ಕಿನ್ಸನ್, ಹಿಮೋಫಿಲಿಯಾ, ಥಲಸ್ಸೀಮಿಯಾ, ಕುಷ್ಠ ವಾಸಿಯಾದವರು, ಆ್ಯಸಿಡ್ ದಾಳಿಗೆ ಸಿಕ್ಕವರು ಎಲ್ಲರೂ ಅದರಲ್ಲಿ ಬರುತ್ತಾರೆ. ಪಾರ್ಕಿನ್ಸನ್ ಇರುವ ಎಷ್ಟೋ ಹಿರಿಯರ ಮನೆಯವರಿಗೆ ಇದು ಗೊತ್ತೇ ಇರುವುದಿಲ್ಲ.

ಅರ್ಜಿ ಸ್ವಾವಲಂಬನ್ ಕಾರ್ಡ್ ಪೋರ್ಟಲ್‌ನಲ್ಲಿ. ಆಧಾರ್, ಫೋಟೊ, ಸಹಿ ಅಥವಾ ಹೆಬ್ಬೆಟ್ಟು, ವಿಳಾಸದ ಪುರಾವೆ, ಹಳೆಯ ಪ್ರಮಾಣಪತ್ರ ಇದ್ದರೆ ಅದು, ಇಷ್ಟನ್ನು ಹಾಕಿ ಆಸ್ಪತ್ರೆ ಆರಿಸಬೇಕು. ಆಮೇಲೆ ಆಸ್ಪತ್ರೆಯಲ್ಲಿ ವೈದ್ಯರು ನೋಡಿ ಶೇಕಡಾವಾರು ಬರೆಯುತ್ತಾರೆ. ಹೋಗುವಾಗ ಹಳೆಯ ಚಿಕಿತ್ಸೆಯ ಕಡತ, ಎಕ್ಸ್‌ರೇ, ಕಿವಿ ಪರೀಕ್ಷೆಯ ವರದಿ ಎಲ್ಲ ತಗೊಂಡು ಹೋಗಿ. ಕಾರ್ಡಿನ ಪಟ್ಟಿಯ ಬಣ್ಣದಿಂದಲೇ ಪ್ರಮಾಣ ಗೊತ್ತಾಗುತ್ತದೆ. ಬಿಳಿ ಅಂದರೆ ಶೇ 40ಕ್ಕಿಂತ ಕಡಿಮೆ. ಹಳದಿ ಅಂದರೆ 40ರಿಂದ 80ರ ಒಳಗೆ. ನೀಲಿ ಅಂದರೆ 80 ಮತ್ತು ಅದಕ್ಕಿಂತ ಮೇಲೆ. ಬಸ್ ಪಾಸಿಗೆ ಹಳದಿ ಅಥವಾ ನೀಲಿ ಬೇಕು.

ಕಾರ್ಡಿನಲ್ಲಿ ಅವಧಿ ಇದೆಯಾ ನೋಡಿ. ವೈಕಲ್ಯ ಬದಲಾಗಬಹುದು ಅಂತ ವೈದ್ಯರಿಗೆ ಅನ್ನಿಸಿದರೆ ತಾತ್ಕಾಲಿಕ ಅಂತ ಕೊಡುತ್ತಾರೆ, ಕೊನೆಯ ದಿನ ಹಾಕುತ್ತಾರೆ. ಆ ದಿನ ಮುಗಿದ ಕಾರ್ಡ್ ಇಟ್ಟುಕೊಂಡು ಪಾಸಿಗೆ ಹೋದರೆ ವಾಪಸ್ ಬರಬೇಕಾಗುತ್ತದೆ.

ಇದನ್ನೆಲ್ಲ ಒಬ್ಬರೇ ಮಾಡಬೇಕಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಜನ ವಿಆರ್‌ಡಬ್ಲ್ಯು ಅಂತಲೇ ಕರೆಯುತ್ತಾರೆ. ಇದೇ ಕೆಲಸ ಮಾಡುವವರನ್ನು ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯು, ಪಟ್ಟಣದಲ್ಲಿ ಯುಆರ್‌ಡಬ್ಲ್ಯು ಅನ್ನುತ್ತಾರೆ. ಇವರಲ್ಲಿ ಹೆಚ್ಚಿನವರು ತಾವೇ ವಿಕಲಚೇತನರು. ಯಾವ ದಿನ ಯಾವ ವೈದ್ಯರು ಸಿಗುತ್ತಾರೆ, ಯಾವ ಕಾಗದಕ್ಕೆ ಯಾರ ಸಹಿ ಬೇಕು ಅನ್ನುವುದು ಇವರಿಗೆ ಚೆನ್ನಾಗಿ ಗೊತ್ತು. ಮೊದಲು ಇವರ ನಂಬರ್ ತಗೊಳ್ಳಿ.

ಕಾರ್ಡ್ ಬಂತು. ಈಗ ಪಾಸ್. ಅರ್ಜಿ ಸೇವಾ ಸಿಂಧುವಿನಲ್ಲೇ. ಪಾಸನ್ನು ಯಾವ ಕೌಂಟರಿನಲ್ಲಿ ತಗೊಳ್ಳುತ್ತೀರಿ ಅಂತ ಅಲ್ಲೇ ಆರಿಸಬೇಕು. ವರ್ಷಕ್ಕೆ 660 ರೂಪಾಯಿ. ನಗರ, ಸಾಮಾನ್ಯ, ವೇಗದೂತ ಬಸ್ಸುಗಳಲ್ಲಿ ನಡೆಯುತ್ತದೆ. ವಾಸದ ಊರಿನಿಂದ 100 ಕಿಲೋಮೀಟರ್ ಒಳಗೆ ಎಷ್ಟು ಸಲ ಬೇಕಾದರೂ ಹೋಗಬಹುದು. ತುಮಕೂರಿನವರಿಗೆ ಬೆಂಗಳೂರು 70 ಕಿಲೋಮೀಟರ್, ಹಾಗಾಗಿ ಒಳಗೆ ಬರುತ್ತದೆ. ದಾವಣಗೆರೆ ಬರುವುದಿಲ್ಲ. ಮಿತಿಯ ಆಚೆ ಹೋಗುವ ಹಾಗಿದ್ದರೆ ಯಾವ ಊರಿನಿಂದ ಟಿಕೆಟ್ ತಗೊಳ್ಳಬೇಕು ಅಂತ ಪಾಸ್ ಕೌಂಟರಿನಲ್ಲೇ ಕೇಳಿ ಬರೆದುಕೊಳ್ಳಿ.

ವಿಳಾಸದ ಬಗ್ಗೆ ಎಚ್ಚರ. 100 ಕಿಲೋಮೀಟರ್ ಲೆಕ್ಕ ಹಾಕುವುದು ನೀವು ಕೊಟ್ಟ ವಿಳಾಸದಿಂದ. ಕೆಲಸಕ್ಕಾಗಿ ಬೇರೆ ಊರಿನಲ್ಲಿದ್ದು, ಆಧಾರ್‌ನಲ್ಲಿ ಹುಟ್ಟೂರಿನ ವಿಳಾಸ ಇದ್ದರೆ ಪಾಸ್ ದಿನದ ಓಡಾಟಕ್ಕೆ ಬರದೇ ಹೋಗಬಹುದು. ಮೊದಲು ವಿಳಾಸ ಬದಲಾಯಿಸಿ.

ಪಾಸ್ ಯಾವಾಗ ಮಾಡಿಸಿದರೂ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಹೊಸ ವರ್ಷಕ್ಕೆ ನವೀಕರಣ. ಹಳೆಯ ಪಾಸನ್ನೇ ಫೆಬ್ರವರಿ ಕೊನೆಯವರೆಗೆ ತೋರಿಸಿ ಹೋಗಲು ನಿಗಮ ಅವಕಾಶ ಕೊಡುವುದುಂಟು, ಪ್ರಕಟಣೆ ಬರುತ್ತದೆ. ಅದನ್ನು ನಂಬಿಕೊಂಡು ಕೊನೇ ವಾರದವರೆಗೆ ಕೂರಬೇಡಿ. ಚಿಕ್ಕಪ್ಪ ಒಂದು ವರ್ಷ ಹಾಗೇ ಕೂತಿದ್ದರು. ಫೆಬ್ರವರಿಯಲ್ಲಿ ಅರ್ಜಿ ಹಾಕಿದರೆ ತಿರಸ್ಕಾರವಾಗಿ ಬಂತು. ಯಾಕೆ? ಆಧಾರ್‌ನಲ್ಲಿ ಹೆಸರಿನ ಮುಂದೆ ಇನಿಷಿಯಲ್, ಯುಡಿಐಡಿಯಲ್ಲಿ ಅಪ್ಪನ ಪೂರ್ತಿ ಹೆಸರು. ಒಂದು ಕಚೇರಿಗೆ ಹೋದರೆ ಇನ್ನೊಂದು ಕಚೇರಿ ತೋರಿಸಿದರು, ಅಲ್ಲಿ ಹೋದರೆ ಸಾಹೇಬರಿಲ್ಲ. ಊರುಗೋಲು ಹಿಡಿದು ಎರಡನೇ ಮಹಡಿ ಹತ್ತಿ ಇಳಿದರು. ಐದು ವಾರ ಪೂರ್ತಿ ಟಿಕೆಟ್ ಕೊಟ್ಟು ಕೆಲಸಕ್ಕೆ ಹೋದರು. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಹಾಗಾಗಿ ಕೈ ಮುಗಿದು ಹೇಳುತ್ತೇನೆ, ಆಧಾರ್ ಮತ್ತು ಯುಡಿಐಡಿ ಎರಡನ್ನೂ ಪಕ್ಕದಲ್ಲಿಟ್ಟು ಹೆಸರು, ಹುಟ್ಟಿದ ದಿನ, ವಿಳಾಸ ಅಕ್ಷರ ಅಕ್ಷರ ಹೋಲಿಸಿ ನೋಡಿ. ಈ ಕೆಲಸ ನವೆಂಬರ್‌ನಲ್ಲೇ ಮಾಡಿ.

ಶಕ್ತಿಯಲ್ಲೂ ಟಿಕೆಟ್ ಬೇಕು

ಅಮ್ಮಂದಿರು ಅಜ್ಜಿಯಂದಿರು ಉಚಿತ ಅಂತ ಸುಮ್ಮನೆ ಕೂತುಬಿಡುತ್ತಾರೆ. ಹಾಗೆ ಮಾಡಬಾರದು. ಶೂನ್ಯ ದರದ ಟಿಕೆಟ್ ಕೇಳಿ ತಗೊಳ್ಳಬೇಕು, ಇಳಿಯುವ ತನಕ ಇಟ್ಟುಕೊಳ್ಳಬೇಕು. ತನಿಖೆಯವರು ಹತ್ತಿದಾಗ ಟಿಕೆಟ್ ಇಲ್ಲದಿದ್ದರೆ ನಿಮಗೂ ಕಷ್ಟ, ಕಂಡಕ್ಟರ್‌ಗೂ ಕಷ್ಟ. ಹೇಳಿದ ಊರಿಗಿಂತ ಮುಂದೆ ಹೋಗಬೇಕಾದರೆ ಇನ್ನೊಂದು ಟಿಕೆಟ್ ಕೇಳಿ. ಗುರುತಿನ ಚೀಟಿಯಲ್ಲಿ ಫೋಟೊ ಮತ್ತು ಕರ್ನಾಟಕದ ವಿಳಾಸ ಎರಡೂ ಇರಬೇಕು. ಡಿಜಿಲಾಕರ್‌ನಲ್ಲಿ ಇದ್ದರೂ ನಡೆಯುತ್ತದೆ. ಆದರೆ ವಯಸ್ಸಾದವರ ಕೈಯಲ್ಲಿ ಮೊಬೈಲ್ ಚಾರ್ಜ್ ಇದೆಯೋ ಇಲ್ಲವೋ, ಕಾರ್ಡೇ ಇರಲಿ.

ಮಗನ ಜೊತೆ ಹೊಸೂರಿನಲ್ಲೋ ಹೈದರಾಬಾದಿನಲ್ಲೋ ಇದ್ದು ಆಧಾರ್ ವಿಳಾಸ ಅಲ್ಲಿಗೆ ಬದಲಾಯಿಸಿದ ಅಮ್ಮಂದಿರಿಗೆ ಶಕ್ತಿ ಸಿಗುವುದಿಲ್ಲ. ಬದಲಾಯಿಸುವ ಮುಂಚೆ ಯೋಚನೆ ಮಾಡಿ.

ಈಗ ಮೆಟ್ಟಿಲಿನ ಮಾತು

ಬಸ್ಸಿನ ನೆಲ ಎಷ್ಟು ಎತ್ತರ ಅನ್ನುವುದೇ ಮಂಡಿ ನೋವಿನವರಿಗೆ ಎಲ್ಲಕ್ಕಿಂತ ದೊಡ್ಡ ವಿಷಯ. ನಗರದ ಬಸ್ಸುಗಳಲ್ಲಿ ಮೂರು ಬಗೆ. ನೆಲದಿಂದ 400 ಮಿಲಿಮೀಟರ್, ಅಂದರೆ ಸುಮಾರು ಒಂದು ಅಡಿ ನಾಲ್ಕು ಅಂಗುಲ ಎತ್ತರದ ಲೋ ಫ್ಲೋರ್ ಬಸ್. 650 ಮಿಲಿಮೀಟರಿನ ನಡುವಿನ ಬಗೆ. 900 ಮಿಲಿಮೀಟರಿನ ಮಾಮೂಲಿ ಬಸ್, ಅದು ಹೆಚ್ಚು ಕಡಿಮೆ ಮೂರು ಅಡಿ. ಮೊದಲನೆಯದಕ್ಕೆ ಒಂದೇ ಹೆಜ್ಜೆ. ಕೊನೆಯದಕ್ಕೆ ಕಡಿದಾದ ಮೆಟ್ಟಿಲುಗಳು.

ಬೆಂಗಳೂರಿನಲ್ಲಿ ವಜ್ರ ವೋಲ್ವೊ ಬಸ್ಸುಗಳು ಲೋ ಫ್ಲೋರ್. ಆದರೆ ಎಸಿ, ದರ ಜಾಸ್ತಿ, ಶಕ್ತಿ ಇಲ್ಲ. ಇತ್ತೀಚೆಗೆ ಬಂದ 12 ಮೀಟರ್ ಉದ್ದದ ಎಸಿ ಇಲ್ಲದ ಎಲೆಕ್ಟ್ರಿಕ್ ಬಸ್ಸುಗಳೂ ಲೋ ಫ್ಲೋರ್. 2022ರ ಆಗಸ್ಟ್‌ನಲ್ಲಿ ಒಂದು ತಂಡ ಬಂತು, 2023ರ ಡಿಸೆಂಬರ್‌ನಿಂದ ಟಾಟಾದ 921 ಬಸ್ಸುಗಳು ಸೇರತೊಡಗಿದವು. ನನ್ನ ಪ್ರಕಾರ ಹಿರಿಯರಿಗೆ ಬೆಂಗಳೂರಿನಲ್ಲಿ ಇದಕ್ಕಿಂತ ಒಳ್ಳೆಯ ಬಸ್ ಇಲ್ಲ. ಮೆಟ್ಟಿಲ ಕಷ್ಟವಿಲ್ಲ, ಸಾಮಾನ್ಯ ದರ, ಹೆಂಗಸರಿಗೆ ಉಚಿತ. ಎರಡು ಬಸ್ ಬಿಟ್ಟು ಇದಕ್ಕೆ ಕಾದರೂ ನಷ್ಟವಿಲ್ಲ. ನಮ್ಮ ಬಿಎಂಟಿಸಿ ಆ್ಯಪ್‌ನಲ್ಲಿ ಬಸ್ ಎಲ್ಲಿ ಬರುತ್ತಿದೆ ಅಂತ ನೋಡಬಹುದು. ಅಪ್ಪ ಅಮ್ಮ ಓಡಾಡುವ ರೂಟಿನಲ್ಲಿ ಎಲೆಕ್ಟ್ರಿಕ್ ಬಸ್ ಎಷ್ಟು ಹೊತ್ತಿಗೆ ಬರುತ್ತದೆ ಅಂತ ಎರಡು ಮೂರು ದಿನ ನೋಡಿ ಒಂದು ಚೀಟಿಯಲ್ಲಿ ಬರೆದುಕೊಡಿ.

ಹುಬ್ಬಳ್ಳಿ–ಧಾರವಾಡದವರಿಗೆ ಚಿಗರಿ ಅನ್ನುವ ಬಸ್ ಸೇವೆ ಇದೆ. ಸುಮಾರು 22 ಕಿಲೋಮೀಟರ್ ದಾರಿಯಲ್ಲಿ ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಮಟ್ಟ. ಗಾಲಿಕುರ್ಚಿ ತಳ್ಳಿಕೊಂಡು ಸೀದಾ ಒಳಗೆ ಹೋಗಬಹುದು. ಅದು ಎಸಿ ಬಸ್ಸು, ಶಕ್ತಿ ನಡೆಯುವುದಿಲ್ಲ. ಆದರೆ ಮಂಡಿ ಆಪರೇಷನ್ ಆದವರಿಗೆ ಆ ಟಿಕೆಟ್ಟಿನ ದುಡ್ಡು ವ್ಯರ್ಥವಲ್ಲ.

ಊರ ಕಡೆಯ ಕೆಂಪು ಬಸ್ಸಿನಲ್ಲಿ ಆಯ್ಕೆ ಇರುವುದಿಲ್ಲ. ಹತ್ತುವ ರೀತಿ ಕಲಿಯಬೇಕು ಅಷ್ಟೇ. ಚಿಕ್ಕಪ್ಪನಿಗೆ ಫಿಸಿಯೋಥೆರಪಿಯವರು ಹೇಳಿಕೊಟ್ಟಿದ್ದು ಇದು: ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಹತ್ತುವಾಗ ಒಂದು ಕೈಯಲ್ಲಿ ಬಾಗಿಲ ಕಂಬಿ ಹಿಡಿದು, ಗಟ್ಟಿ ಕಾಲು ಮೇಲಿಟ್ಟು ಮೈ ಎತ್ತಬೇಕು. ಆಮೇಲೆ ಊರುಗೋಲು ಮತ್ತು ಇನ್ನೊಂದು ಕಾಲು ಒಟ್ಟಿಗೆ. ಇಳಿಯುವಾಗ ಉಲ್ಟಾ, ಊರುಗೋಲು ಮತ್ತು ನೋವಿನ ಕಾಲು ಮೊದಲು ಕೆಳಗೆ. ಮನೆಯ ಮೆಟ್ಟಿಲ ಮೇಲೆ ನಾಲ್ಕು ದಿನ ಅಭ್ಯಾಸ ಮಾಡಿದರೆ ರೂಢಿಯಾಗುತ್ತದೆ. ಬ್ಯಾಗನ್ನು ಕೈಯಲ್ಲಿ ಹಿಡಿಯಬೇಡಿ. ಹೆಗಲಿಗೆ ಅಡ್ಡ ಹಾಕಿಕೊಳ್ಳಿ, ಎರಡೂ ಕೈ ಖಾಲಿ ಇರಲಿ. ಸೀರೆಯ ನೆರಿಗೆ, ಪಂಚೆಯ ಅಂಚು ಮೇಲೆತ್ತಿ ಸಿಗಿಸಿಕೊಂಡು ಹತ್ತಿ.

ಜೊತೆಗೆ ಹೋಗುವವರಿಗೂ ಒಂದು ಮಾತು. ಮುಂದೆ ಹತ್ತಿ ಕೈ ಹಿಡಿದು ಎಳೆಯಬೇಡಿ, ತೂಕ ತಪ್ಪುತ್ತದೆ. ಹತ್ತುವಾಗ ಅವರ ಹಿಂದೆ ಒಂದು ಮೆಟ್ಟಿಲು ಕೆಳಗೆ ನಿಂತಿರಿ. ಇಳಿಯುವಾಗ ನೀವು ಮೊದಲು ಇಳಿದು ಎದುರಿಗೆ ನಿಲ್ಲಿ. ಕೈ ಕೊಡುವ ಮುಂಚೆ "ಹಿಡ್ಕೊಳ್ಲಾ?" ಅಂತ ಕೇಳಿ.

ಇಳಿಯುವ ಊರು ಬರುವ ಒಂದು ಸ್ಟಾಪ್ ಮುಂಚೆಯೇ ಕಂಡಕ್ಟರ್‌ಗೆ ಹೇಳಿಡಿ, ಆದರೆ ಎದ್ದು ನಿಲ್ಲಬೇಡಿ. ಬಸ್ ಪೂರ್ತಿ ನಿಂತ ಮೇಲೆಯೇ ಏಳಿ. ಹಿರಿಯರು ಬೀಳುವುದು ಬ್ರೇಕ್ ಹಾಕುವ ಆ ಗಳಿಗೆಯಲ್ಲೇ. "ಸ್ವಲ್ಪ ನಿಧಾನ ಆಗುತ್ತೆ, ರೈಟ್ ಹೇಳಬೇಡಿ" ಅಂತ ಹತ್ತುವಾಗಲೇ ಹೇಳಿಬಿಟ್ಟರೆ ಹೆಚ್ಚಿನ ಕಂಡಕ್ಟರುಗಳು ಕಾಯುತ್ತಾರೆ.

ಗಾಲಿಕುರ್ಚಿ, ಬಿಳಿ ಕೋಲು, ಕೇಳದ ಕಿವಿ

2020ರ ಮಾರ್ಚ್ 1ರಿಂದ ಜಾರಿಗೆ ಬಂದ ಕೇಂದ್ರದ ಮೋಟಾರು ವಾಹನ ನಿಯಮದಂತೆ ಬಸ್ಸುಗಳಲ್ಲಿ ಆದ್ಯತೆಯ ಸೀಟು, ಹಿಡಿಕಂಬಿ, ಊರುಗೋಲು ಮತ್ತು ವಾಕರ್ ಕಟ್ಟಿಡುವ ಜಾಗ, ಗಾಲಿಕುರ್ಚಿ ಹತ್ತಿಸುವ ಮತ್ತು ಬಿಗಿಯುವ ವ್ಯವಸ್ಥೆ ಇರಬೇಕು. ಹಳೆಯ ಬಸ್ಸುಗಳಲ್ಲಿ ಇವು ಸಿಗುವುದು ಕಷ್ಟ. ಹಾಗಾಗಿ ಬಸ್ ನೋಡಿ ನಿರ್ಧಾರ ಮಾಡಬೇಕು.

ಲೋ ಫ್ಲೋರ್ ಬಸ್ಸಿನಲ್ಲಿ ಬಾಗಿಲ ಹತ್ತಿರ ಮಡಿಸಿಟ್ಟ ಇಳಿಜಾರು ಹಲಗೆ ಇರುತ್ತದೆ. ಸಿಬ್ಬಂದಿ ಅದನ್ನು ಬಿಡಿಸಿ ಹಾಕಬೇಕು. ಬಸ್ ಫುಟ್‌ಪಾತಿಗೆ ಒತ್ತಿ ನಿಂತರೆ ಮಾತ್ರ ಅದು ಉಪಯೋಗ. ರಸ್ತೆ ಮಧ್ಯೆ ನಿಂತರೆ ಹಲಗೆ ಕಡಿದಾಗುತ್ತದೆ, ತಳ್ಳಲು ಆಗುವುದಿಲ್ಲ. ಆದ್ದರಿಂದ ಡ್ರೈವರ್‌ಗೆ ದೂರದಿಂದಲೇ ಕಾಣುವ ಹಾಗೆ, ನಿಲ್ದಾಣದ ಮುಂದಿನ ತುದಿಯಲ್ಲಿ ಕೈ ಎತ್ತಿ ನಿಲ್ಲಿ. ಒಳಗೆ ಹೋದ ಮೇಲೆ ಕುರ್ಚಿಯ ಬ್ರೇಕ್ ಹಾಕಿ, ಬೆಲ್ಟ್ ಬಿಗಿದು, ಆಮೇಲೆ "ಆಯ್ತು" ಅನ್ನಿ. ಬೆಳಿಗ್ಗೆ ಒಂಬತ್ತರ ನೂಕುನುಗ್ಗಲಿಗೆ ಹೋಗಲೇಬೇಕು ಅಂತಿಲ್ಲದಿದ್ದರೆ ಹನ್ನೊಂದರ ಮೇಲೆ ಹೊರಡಿ.

ದೂರದ ಬಸ್ಸಿಗೆ ಮಡಿಸುವ ಕುರ್ಚಿಯೇ ಆಗಬೇಕು, ಡಿಕ್ಕಿಯಲ್ಲಿ ಇಡಬಹುದು. ಕುರ್ಚಿಯ ಮೇಲೆ ಹೆಸರು, ಫೋನ್ ನಂಬರ್ ಬರೆದು ಅಂಟಿಸಿ. ಸ್ಲೀಪರ್ ಬುಕ್ ಮಾಡುವಾಗ ಕೆಳಗಿನ ಬರ್ತ್, ಸೀಟಿನ ಬಸ್ಸಿನಲ್ಲಿ ಬಾಗಿಲ ಹತ್ತಿರದ ಎರಡು ಮೂರನೇ ಸಾಲು ಆರಿಸಿ. ಚಕ್ರದ ಮೇಲಿನ ಸೀಟಿನಲ್ಲಿ ಕಾಲು ಚಾಚಲು ಆಗುವುದಿಲ್ಲ. ಮಧ್ಯೆ ಊಟಕ್ಕೆ, ಶೌಚಕ್ಕೆ ಎಲ್ಲಿ ನಿಲ್ಲಿಸುತ್ತಾರೆ ಅಂತ ಹತ್ತುವ ಮುಂಚೆಯೇ ಕೇಳಿ. ನೀರು ಕುಡಿಯದೆ ಕೂತು ಸುಸ್ತಾಗುವ ಹಿರಿಯರನ್ನು ನಾನು ಬಹಳ ನೋಡಿದ್ದೇನೆ. ದೊಡ್ಡ ನಿಲ್ದಾಣಗಳಲ್ಲಿ ವಿಚಾರಣೆ ಕೌಂಟರಿನಲ್ಲಿ ಗಾಲಿಕುರ್ಚಿ ಇದೆಯಾ ಎಂದು ಕೇಳಿ ನೋಡಿ.

ಕಣ್ಣು ಕಾಣದವರಿಗೆ ಬಸ್ ಗುರುತಿಸುವುದೇ ಕಷ್ಟ. ಮೈಸೂರಿನ ನಗರ ಸಾರಿಗೆಯಲ್ಲಿ ಧ್ವನಿ ಸ್ಪಂದನ ಅಂತ ಒಂದು ವ್ಯವಸ್ಥೆ ಬಂದಿದೆ. ಕೈಯಲ್ಲಿ ಹಿಡಿಯುವ ಪುಟ್ಟ ಸಾಧನದ ಗುಂಡಿ ಒತ್ತಿದರೆ ಹತ್ತಿರ ಬಂದ ಬಸ್ಸಿನ ಸ್ಪೀಕರ್ ಉತ್ತರಿಸುತ್ತದೆ. ಆ ಸದ್ದು ಹಿಡಿದು ಬಾಗಿಲ ಕಡೆ ನಡೆಯಬಹುದು. ಬೇರೆ ಊರುಗಳಲ್ಲಿ ಪಕ್ಕದವರನ್ನೇ ಕೇಳಬೇಕು. ಆಗ "ಯಾವ ಬಸ್ಸು?" ಅಂತ ಕೇಳುವ ಬದಲು "ಇದು 201 ತಾನೇ?" ಅಂತ ನಂಬರ್ ಹೇಳಿ ಕೇಳಿ, ಬೇಗ ಉತ್ತರ ಬರುತ್ತದೆ. ಹತ್ತಿದ ಮೇಲೆ ಕಂಡಕ್ಟರ್‌ಗೆ ಮತ್ತೊಮ್ಮೆ ಹೇಳಿ ಖಾತ್ರಿ ಮಾಡಿಕೊಳ್ಳಿ.

ಕಿವಿ ಕೇಳದವರು ಇಳಿಯುವ ಊರಿನ ಹೆಸರನ್ನು ದೊಡ್ಡಕ್ಷರದಲ್ಲಿ ಬರೆದ ಚೀಟಿ ಅಥವಾ ಮೊಬೈಲ್ ತೋರಿಸಬಹುದು. ಅವರ ವೈಕಲ್ಯ ಹೊರಗೆ ಕಾಣುವುದಿಲ್ಲ, ಹಾಗಾಗಿ ಪಾಸ್ ತೋರಿಸಿದರೂ ಜನ ಅನುಮಾನದಿಂದ ನೋಡುತ್ತಾರೆ. ಯುಡಿಐಡಿ ಜೊತೆಯಲ್ಲಿರಲಿ. ಬಾಯಿಯಲ್ಲಿ ವಿವರಿಸುವ ಕಷ್ಟ ತಪ್ಪುತ್ತದೆ.

ಸೀಟು ಬಿಡದಿದ್ದರೆ, ರಿಯಾಯಿತಿ ಕೊಡದಿದ್ದರೆ

ಹಿರಿಯರ ಸೀಟಿನಲ್ಲಿ ಹುಡುಗರು ಕೂತಿದ್ದರೆ ನೀವೇ ವಾದಕ್ಕೆ ಇಳಿಯಬೇಡಿ. ಕಂಡಕ್ಟರ್‌ಗೆ ಹೇಳಿ, ಎಬ್ಬಿಸಿ ಕೊಡುವುದು ಅವರ ಕೆಲಸ. ಸಂಕೋಚ ಬೇಡ. ಆ ಸೀಟು ನಿಮಗಾಗಿಯೇ ಬರೆದಿಟ್ಟಿದ್ದು.

ರಿಯಾಯಿತಿ ಕೊಡಲು ಒಪ್ಪದಿದ್ದರೆ, ನಿಲ್ಲಿಸದೆ ಹೋದರೆ, ಹೀಯಾಳಿಸಿದರೆ, ಮೊದಲು ನಾಲ್ಕು ವಿಷಯ ಬರೆದುಕೊಳ್ಳಿ: ಬಸ್ಸಿನ ನಂಬರ್, ಸಮಯ, ಜಾಗ, ಕಂಡಕ್ಟರ್‌ ಎದೆಯ ಮೇಲಿನ ಬಿಲ್ಲೆ ಸಂಖ್ಯೆ. ಹೆಚ್ಚಿನ ಸರ್ಕಾರಿ ಬಸ್ಸುಗಳ ನಂಬರಿನಲ್ಲಿ ಜಿಲ್ಲೆಯ ಅಂಕಿ ಆದ ಮೇಲೆ ಎಫ್ ಅಂತ ಇರುತ್ತದೆ, ಅದನ್ನೂ ಸೇರಿಸಿ ಬರೆಯಿರಿ. ಟಿಕೆಟ್ ಎಸೆಯಬೇಡಿ, ಅದರ ಫೋಟೊ ತೆಗೆದಿಡಿ. ಟಿಕೆಟ್ಟಿನ ಶಾಯಿ ಕೆಲವೇ ದಿನಕ್ಕೆ ಮಾಸುತ್ತದೆ.

ನಿಲ್ದಾಣದಲ್ಲೇ ಇದ್ದರೆ ಸಂಚಾರ ನಿಯಂತ್ರಕರಿಗೆ ಹೇಳಿ. ಆಮೇಲೆ ಡಿಪೋ ಮ್ಯಾನೇಜರ್‌ಗೆ, ಅಲ್ಲೂ ಆಗದಿದ್ದರೆ ವಿಭಾಗೀಯ ನಿಯಂತ್ರಣಾಧಿಕಾರಿಗೆ ಕಾಗದ ಬರೆಯಿರಿ. ಕನ್ನಡದಲ್ಲಿ, ಅರ್ಧ ಪುಟ ಸಾಕು. ಬಿಎಂಟಿಸಿ ಸಹಾಯವಾಣಿ 080 2248 3777. ಸರ್ಕಾರದ ಜನಸ್ಪಂದನ 1902. ಹಿರಿಯರಿಗಾಗಿಯೇ ಇರುವ ಎಲ್ಡರ್ ಲೈನ್ 14567. ದೂರಿನ ಸಂಖ್ಯೆ ಕೇಳಿ ಬರೆದುಕೊಳ್ಳಿ.

ವಿಕಲಚೇತನರಿಗೆ ಇನ್ನೊಂದು ಬಾಗಿಲಿದೆ. ರಾಜ್ಯದಲ್ಲಿ ವಿಕಲಚೇತನರ ಕಾಯ್ದೆಯ ಆಯುಕ್ತರು ಇದ್ದಾರೆ. 2016ರ ಕಾಯ್ದೆಯ ಪ್ರಕಾರ ಜನರನ್ನು ಕರೆಸಿ ವಿಚಾರಿಸುವ, ದಾಖಲೆ ತರಿಸುವ ವಿಷಯದಲ್ಲಿ ಅವರಿಗೆ ಸಿವಿಲ್ ನ್ಯಾಯಾಲಯಕ್ಕಿರುವ ಅಧಿಕಾರವೇ ಇದೆ. ವಕೀಲರಿಲ್ಲದೆ ಸಾದಾ ಕಾಗದದಲ್ಲಿ ದೂರು ಕೊಡಬಹುದು. ಸಾರಿಗೆ ಎಲ್ಲರಿಗೂ ಸಿಗುವಂತಿರಬೇಕು ಅಂತ ಅದೇ ಕಾಯ್ದೆಯ 41ನೇ ಸೆಕ್ಷನ್ ಹೇಳುತ್ತದೆ. ದೂರಿನಲ್ಲಿ ಆ ಸಂಖ್ಯೆ ಬರೆಯಿರಿ.

ನಿಮ್ಮೂರಿನ ಮುಂದೆ ಬಸ್ ನಿಲ್ಲುವುದೇ ಇಲ್ಲ, ಮುಂದಿನ ಸ್ಟಾಪಿನಿಂದ ಒಂದು ಕಿಲೋಮೀಟರ್ ನಡೆಯಬೇಕು ಅನ್ನುವ ಕಷ್ಟ ಇದ್ದರೆ ಕೋರಿಕೆ ನಿಲುಗಡೆ ಕೇಳಬಹುದು. ಊರಿನ ಹಿರಿಯರು, ವಿಕಲಚೇತನರು ಒಟ್ಟಾಗಿ ಸಹಿ ಹಾಕಿ ಡಿಪೋಗೆ ಅರ್ಜಿ ಕೊಡಿ. ಪಂಚಾಯಿತಿಯ ಒಂದು ಕಾಗದವನ್ನೂ ಜೊತೆಗಿಡಿ. ಎಷ್ಟು ಜನ ಓಡಾಡುತ್ತಾರೆ, ಯಾವ ಹೊತ್ತಿನ ಬಸ್ಸು ನಿಲ್ಲಬೇಕು ಅಂತ ಸ್ಪಷ್ಟವಾಗಿ ಬರೆಯಿರಿ. "ಎಲ್ಲ ಬಸ್ಸೂ ನಿಲ್ಲಲಿ" ಅಂತ ಬರೆದ ಅರ್ಜಿಗಿಂತ "ಬೆಳಿಗ್ಗೆ ಎಂಟೂವರೆಯದ್ದು ಮತ್ತು ಸಂಜೆ ಐದರದ್ದು" ಅಂತ ಬರೆದ ಅರ್ಜಿಯನ್ನು ಒಪ್ಪುವುದು ಸುಲಭ. ನಮ್ಮ ಚಿಕ್ಕಪ್ಪ ಈಗ ಹತ್ತುವುದು ಹಾಗೆ ಕೇಳಿ ಪಡೆದ ಎಂಟೂವರೆ ಬಸ್ಸನ್ನೇ.